ಬಾಯಿ ತೆರೆದ ಸಿಂಬೆ

ನೀಲಗಿರಿ ಎಲೆಯ ವಾಸನೆ ಕೈಯಿಂದ ಸುಲಭಕ್ಕೆ ಹೋಗುವಂಥದ್ದಲ್ಲ. ಸೋಪು ಹಚ್ಚಿ ತೊಳೆದರೂ ಊಟಕ್ಕೆ ಕುಳಿತಾಗ ಮುದ್ದೆಯ ಪಕ್ಕದಲ್ಲಿ ಅದೂ ಬಂದು ಕೂರುತ್ತದೆ. ಬಂಗಾರಪೇಟೆಯ ನಮ್ಮ ಮಹಿಳಾ ಕೇಂದ್ರದಲ್ಲಿ, ಹಬ್ಬಕ್ಕೆ ಬಾಗಿಲಿಗೆ ಕಟ್ಟುವ ದುಂಡನೆಯ ಎಲೆಮಾಲೆಗಳನ್ನು, ಅಂದರೆ ರೀತ್‌ಗಳನ್ನು ಹೆಣೆದು, ಇಂದು ಮಧ್ಯಾಹ್ನ ಹಾಗೆ ಊಟಕ್ಕೆ ಕುಳಿತಿದ್ದಾಗಲೇ ಫೋನು ಬಂತು. ಕ್ರಿಸ್‌ಮಸ್‌ಗೆ ತಮ್ಮ ಸಭಾಂಗಣವನ್ನು ಅಲಂಕರಿಸುತ್ತಿರುವ ವ್ಯವಸ್ಥಾಪಕರೊಬ್ಬರು ಮಾತನಾಡಿದರು.

"ಮೇಡಂ, ನೀವು ಮಾದರಿಗೆ ಕಳಿಸಿದ ರೀತ್ ತುಂಬ ಚೆನ್ನಾಗಿದೆ. ಆದರೆ ಕೆಳಗಡೆ ಅರ್ಧಕ್ಕೆ ನಿಂತುಬಿಟ್ಟಿದೆಯಲ್ಲ? ಅಲ್ಲೊಂದು ರಿಬ್ಬನ್ ಸುತ್ತಿ ಮುಚ್ಚಿಸಿಬಿಡಿ, ನಮ್ಮ ಎಲ್ಲ ಬಾಗಿಲಿಗೂ ನಿಮ್ಮದೇ ಹಾಕಿಸೋಣ. ಸಂಜೆಯೊಳಗೆ ಒಂದು ಮಾತು ತಿಳಿಸಿ."

ತಿಳಿಸುತ್ತೇನೆ ಎಂದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ ಕೂಡಲೇ ಉತ್ತರಿಸಲಾಗದೆ ಹೋದದ್ದು ಇದೇ ಮೊದಲೇನಲ್ಲ. ಹಿಂದೊಮ್ಮೆ ಹೀಗಾದದ್ದೂ ಇದೇ ರೀತ್‌ನ ಕಾರಣದಿಂದ. ಎಲೆಗಳ ಆ ವೃತ್ತ ನಮ್ಮ ಕೈಯಲ್ಲಿ ಏಕೆ ವೃತ್ತವಾಗಿ ಉಳಿಯಲಿಲ್ಲವೆಂಬುದನ್ನು ತಿಳಿಯಬೇಕಾದರೆ, ನೀವು ನನ್ನೊಡನೆ ಸ್ವಲ್ಪ ದೂರ ಉರಿಗಾಂವರೆಗೆ ಬರಬೇಕು.

ಚಿನ್ನದ ಗಣಿಯ ಊರಾದ ಉರಿಗಾಂನಲ್ಲಿ, ಗಣಿ ಕಾರ್ಮಿಕರ ಲೈನಿನಲ್ಲಿ ನಮ್ಮ ಮನೆ. ಒಂದೇ ಉದ್ದನೆಯ ಸೂರು, ಅದರ ಕೆಳಗೆ ಸಾಲಾಗಿ ಬಾಗಿಲುಗಳು. ಒಂದು ಮನೆಯ ಒಗ್ಗರಣೆಗೆ ಮೂರನೆಯ ಮನೆಯವರು ಸೀನುತ್ತಿದ್ದರು. ಗಣಿ ಮುಚ್ಚಿ ಕೆಲವು ವರ್ಷಗಳಾಗಿದ್ದವು. ನಾನು ಆಗಷ್ಟೇ ಪದವಿ ಮುಗಿಸಿ, ಲೋಕವನ್ನು ತಿದ್ದುವ ಕೆಲಸವನ್ನು ನಮ್ಮ ಲೈನಿನಿಂದಲೇ ಆರಂಭಿಸಬೇಕೆಂದು ನಿಶ್ಚಯಿಸಿದ್ದೆ. ಆ ಡಿಸೆಂಬರಿನಲ್ಲಿ ನನಗೆ ಹೊಳೆದ ಸುಧಾರಣೆ ಇದು: ಅಂಗಡಿಯ ಪ್ಲಾಸ್ಟಿಕ್ ರೀತ್ ತರದೆ, ಸುತ್ತಮುತ್ತ ಸಿಗುವುದರಿಂದಲೇ ನಾವೇ ಹೆಣೆದು, ಕ್ರೈಸ್ತರು ಹಿಂದೂಗಳು ಎನ್ನದೆ ಲೈನಿನ ಪ್ರತಿ ಬಾಗಿಲಿಗೂ ಒಂದೊಂದನ್ನು ಕಟ್ಟಬೇಕು.

ಬೀದಿ ನಲ್ಲಿಯ ಕಟ್ಟೆಯ ಮೇಲೆ ನಿಂತು, ಸ್ವಾವಲಂಬನೆ, ಸಹಬಾಳ್ವೆ, ಪರಿಸರ ಎಂದು ವಿಷಯವನ್ನು ವಿಭಾಗಿಸಿಕೊಂಡು ಮಾತನಾಡಿದೆ. ಕೊಡ ಹಿಡಿದು ನಿಂತಿದ್ದ ಹೆಂಗಸರು ಬಹಳ ಗಮನವಿಟ್ಟು ಕೇಳಿದರು. ನನ್ನ ವಾಗ್ಮಿತೆಯೇ ಇದಕ್ಕೆ ಕಾರಣವೆಂದು ನಂಬಿದ್ದೆ. ಸಹಬಾಳ್ವೆಯ ಮಧ್ಯದಲ್ಲಿ ನಲ್ಲಿ ಬುಸ್ಸೆಂದಿತು. ಕ್ಷಣಮಾತ್ರದಲ್ಲಿ ಸಭೆ ನನಗೆ ಬೆನ್ನು ತಿರುಗಿಸಿತು.

"ಮಾತು ಬೋ ಚೆಂದಾಗೈತೆ ಕಣಮ್ಮಾ," ಎಂದು ಒಬ್ಬಾಕೆ ಕೊಡ ಒಡ್ಡುತ್ತಲೇ ಸಮಾಧಾನ ಹೇಳಿದಳು. "ಒಸಿ ಪಕ್ಕಕ್ ನಿಂತ್ಕಂಡು ಮಾತಾಡು, ನೀರ್ ಬೀಳ್ತೈತೆ."

ಬೂದಿಕೋಟೆ ಕಡೆಯ ಹಳ್ಳಿಯಿಂದ ಮದುವೆಯಾಗಿ ಬಂದ ನನ್ನ ತಾಯಿ ಭಾಷಣಕ್ಕೆ ಬಂದಿರಲಿಲ್ಲ. ನಾನು ತಂತಿಯೊಂದನ್ನು ಬಗ್ಗಿಸಲು ಹೆಣಗಾಡುತ್ತಿದ್ದುದನ್ನು ಮನೆಯೊಳಗಿಂದ ನೋಡಿ ಹೊರಗೆ ಬಂದರು.

"ಏನೇ ಅದು, ಮೊಟ್ಟೆ ಇದ್ದಂಗೈತೆ?"

"ವೃತ್ತ ಅಮ್ಮಾ. ಇದರ ಮೇಲೆ ಎಲೆ ಕಟ್ಟಬೇಕು."

"ಸಿಂಬೆ ಅನ್ನು ಮತ್ತೆ! ಅದುಕ್ಕೆ ತಂತಿ ಯಾಕೆ? ಇರು, ಬತ್ತೀನಿ."

ರಾಗಿಹುಲ್ಲನ್ನು ನೀರು ಚಿಮುಕಿಸಿ ಮೆದುಮಾಡಿ, ಹುರಿಹಾಕಿ, ಸುತ್ತಿ, ಬಾಳೆನಾರಿನಿಂದ ಬಿಗಿದು ಅವರು ಸಿಂಬೆ ಮಾಡಿದರು. ನೀರಿನ ಕೊಡದ ಕೆಳಗೆ ತಲೆಯ ಮೇಲಿಟ್ಟುಕೊಳ್ಳುವ ಅದೇ ಸಿಂಬೆ, ಅಳತೆ ಮಾತ್ರ ದೊಡ್ಡದು. ನಾನು ಅದರ ಮೇಲೆ ನೀಲಗಿರಿ ಎಲೆಗಳನ್ನು ಒಂದರ ಬೆನ್ನಿಗೊಂದು ಒರಗಿಸಿ ಕಟ್ಟುತ್ತ ಹೋದೆ. ನಡುನಡುವೆ ಸರ್ವೆ ಮರದ ಪುಟ್ಟ ಕಾಯಿಗಳು. ಕೆಂಪು ಹಣ್ಣುಗಳೆಲ್ಲಿ ಸಿಗಬೇಕು? ಒಣಮೆಣಸಿನಕಾಯಿ ಸಿಕ್ಕಿಸಿದೆವು. ನಲ್ಲಿಯ ಬಳಿ ತಿರುಗಿದ ಬೆನ್ನುಗಳು ಒಂದೊಂದಾಗಿ ನಮ್ಮ ಜಗಲಿಗೆ ಬಂದು ಕುಳಿತವು. "ದೃಷ್ಟಿ ತೆಗೆಯಾಕೆ ನಿಂಬೆಹಣ್ಣೊಂದೇ ಕಮ್ಮಿ" ಎಂದು ನಗುತ್ತಲೇ ಹುಲ್ಲಿಗೆ ಕೈಹಾಕಿದರು. ಭಾಷಣದಿಂದ ಆಗದಿದ್ದುದು ಹುಲ್ಲಿನಿಂದ ಆಯಿತು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಆ ದಿನ ಸ್ವಲ್ಪ ಕಷ್ಟವಾಯಿತು. ಆದರೂ ಆ ಸಂಜೆ ನಮ್ಮ ಜಗಲಿಯಷ್ಟು ತುಂಬಿದ ಸಭೆಯನ್ನು ನಾನು ಆಮೇಲೂ ಕಂಡದ್ದು ಕಡಿಮೆ.

ಮೊದಲ ರೀತ್ ಪಕ್ಕದ ಮನೆಗೆಂದು ಮೊದಲೇ ನಿರ್ಧಾರವಾಗಿತ್ತು. ಆರೋಗ್ಯಮ್ಮನ ಮನೆ ಅದು. ಲೈನಿನಲ್ಲಿ ಎಲ್ಲರೂ ಅವರನ್ನು ತಮಿಳಿನಲ್ಲಿ ಅಜ್ಜಿಗೆ ಹೇಳುವಂತೆ ಪಾಟಿ ಎಂದೇ ಕರೆಯುತ್ತಿದ್ದೆವು. ಪಾಟಿಯ ಗಂಡ ಗಣಿಯೊಳಗೆ ಬಂಡೆ ಸಿಡಿದು ತೀರಿಕೊಂಡಿದ್ದರು. ಅಂದಿನಿಂದ ಎಷ್ಟೋ ಕ್ರಿಸ್‌ಮಸ್‌ಗಳು ಕಳೆದಿದ್ದರೂ, ಚರ್ಚಿಗೆ ಹೋಗಿಬರುವುದೊಂದನ್ನು ಬಿಟ್ಟರೆ ಹಬ್ಬದ ಯಾವ ಗುರುತೂ ಆ ಬಾಗಿಲಿಗೆ ಹತ್ತಿರಲಿಲ್ಲ. ಆ ವರ್ಷ ಮಗನಿಗೆ ಮದುವೆಯಾಗಿ ಹತ್ತಿರದ ಇನ್ನೊಂದು ಗಣಿ ಬಡಾವಣೆಯಾದ ಚಾಂಪಿಯನ್ ರೀಫ್ಸಿನ ಸ್ಟೆಲ್ಲಾ ಸೊಸೆಯಾಗಿ ಬಂದಿದ್ದಳು. ಹೊಸ ಮನೆಯಲ್ಲಿ ಅವಳಿಗೆ ಅದು ಮೊದಲ ಹಬ್ಬ. ಅತ್ತೆಯೆದುರು ಒಂದು ಮಾತನ್ನೂ ಆಡದವಳು, ನನ್ನ ಬಳಿ ಬಂದು ಮೆಲ್ಲಗೆ ಕೇಳಿದ್ದಳು: "ಅಕ್ಕಾ, ನಮ್ಮ ಬಾಗ್ಲಿಗೂ ಒಂದು ಕಟ್ತೀರಾ? ಬೋಳು ಬಾಗ್ಲಲ್ಲಿ ಅಬ್ಬ ಎಂಗ್ ಮಾಡೋದು?"

ಕಟ್ಟಿದೆವು. ಪಾಟಿ ಹೊರಗೆ ಬಂದು ನೋಡಿದರು. ಗದರಲಿಲ್ಲ. ಮೊಳೆಯಿಂದ ಅದನ್ನು ಇಳಿಸಿ, ಹೊಸ್ತಿಲ ಮೇಲೆ ಕುಳಿತು, ಮಡಿಲಲ್ಲಿಟ್ಟುಕೊಂಡರು.

"ವೇಂಡಾಂ ಕಣ್ಣು. ಬೇಡ ಕಂದಾ ಇದು."

"ಯಾಕೆ ಪಾಟಿ?"

"ನಮ್ಮೋರನ್ನ ಮೇಲಕ್ಕೆ ತಂದಾಗ ಪೆಟ್ಟಿಗೆ ಮುಚ್ಚೇ ತಂದ್ರು. ಮೇಲೆ ಇಂಗೇ ದುಂಡಗೆ ಒಂದು ಇಟ್ಟಿದ್ರು. ಅಸಿರೆಲೆ, ಕೆಂಪು ಹೂವು. ಮೊಕ ತೋರಿಸ್ಲಿಲ್ಲ. ನಾನು ಕಡೆಗೆ ನೋಡಿದ್ದು ಅವರನ್ನಲ್ಲಮ್ಮಾ, ಇದನ್ನ."

ಜಗಲಿಯ ಮೇಲಿದ್ದವರು ಕೈಯಲ್ಲಿದ್ದ ಹುಲ್ಲನ್ನು ಕೆಳಗಿಟ್ಟರು. ನಮ್ಮ ಕಡೆ ಹೂವಿನ ದುಂಡು ಚಕ್ರವನ್ನು ಸತ್ತವರ ಮೇಲಲ್ಲದೆ ಬೇರೆಲ್ಲಿಯೂ ಇಡುವುದಿಲ್ಲ. ಅದು ಅಲ್ಲಿದ್ದವರಿಗೆಲ್ಲ ಗೊತ್ತಿದ್ದ ಸಂಗತಿಯೇ; ಎಲೆ ಕಟ್ಟುವ ಭರದಲ್ಲಿ ಯಾರಿಗೂ ಹೊಳೆದಿರಲಿಲ್ಲ. ಮೌನವನ್ನು ಪ್ರತಿಪಕ್ಷದ ದೌರ್ಬಲ್ಯವೆಂದು ಭಾವಿಸುವುದು ಚರ್ಚಾಪಟುಗಳ ಸ್ವಭಾವ. ನಾನು ಆರಂಭಿಸಿದೆ: "ಪಾಟಿ, ವೃತ್ತಕ್ಕೆ ಆದಿ ಇಲ್ಲ, ಅಂತ್ಯ ಇಲ್ಲ. ಎಂದಿಗೂ ಮುಗಿಯದ್ದರ ಗುರುತು ಅದು."

ಪಾಟಿ ನನ್ನನ್ನು ಕನಿಕರದಿಂದ ನೋಡಿದರು. "ಅದೇ ನಂಗೆ ಭಯ, ಕಣ್ಣು. ಮುಗಿಯಲ್ಲ ಅಂದ್ರೆ ಎಂಗಮ್ಮಾ?"

ಬಹುಮಾನಗಳನ್ನು ಗೆದ್ದ ಯಾವ ವೇದಿಕೆಯಲ್ಲಿಯೂ ಯಾರೂ ನನಗೆ ಇಂಥ ಪ್ರಶ್ನೆ ಹಾಕಿರಲಿಲ್ಲ.

ಬಾಗಿಲ ಹಿಂದೆ ಸ್ಟೆಲ್ಲಾ ನಿಂತಿದ್ದಳು. ಪಾಟಿ ಒಮ್ಮೆ ಅವಳ ಕಡೆ ತಿರುಗಿದರು, ಒಮ್ಮೆ ಮಡಿಲಿನ ಕಡೆ. ಆಮೇಲೆ, "ಏ ಪೊಣ್ಣೇ, ಕತ್ತಿ ಎತ್ತಿಕೊಂಡು ಬಾ" ಎಂದರು. ಸೊಸೆ ಅಡುಗೆಮನೆಯ ಚಾಕುವನ್ನು ತಂದು ಕೊಟ್ಟಳು. ಆಗ ಅವಳ ಕಣ್ಣು ತುಂಬಿತ್ತು. ತಾನು ಬಯಸಿದ್ದನ್ನು ತನ್ನೆದುರಿಗೇ ಕತ್ತರಿಸಿ ಎಸೆಯುತ್ತಾರೆಂದು ಅವಳು ತಿಳಿದಿದ್ದಳು. ನಾವೂ ಹಾಗೆಯೇ ತಿಳಿದಿದ್ದೆವು.

ಪಾಟಿ ಸಿಂಬೆಯ ಒಂದು ಕಡೆ ಎಲೆಗಳನ್ನು ಸರಿಸಿ, ಹುಲ್ಲನ್ನು ಕೊಯ್ದು, ಅಂಗೈ ಅಗಲದ ಸಂದು ಬಿಡಿಸಿದರು. "ಅಯ್ಯಯ್ಯೋ, ಸಿಂಬೆ ಕುಯ್ತಾರಾ!" ಎಂದು ನನ್ನ ತಾಯಿ ನಾಲಗೆ ಕಚ್ಚಿಕೊಂಡರು. ಪಾಟಿ ಎರಡು ತುದಿಗಳನ್ನೂ ಬಿಚ್ಚಿಕೊಳ್ಳದಂತೆ ನಾರಿನಿಂದ ಬಿಗಿದು, ಸಂದು ಕೆಳಗೆ ಬರುವಂತೆ ತಿರುಗಿಸಿ, ತಾವೇ ಎದ್ದು ಮೊಳೆಗೆ ಸಿಕ್ಕಿಸಿದರು.

"ಮುಚ್ಚಿದ್ದು ಪೆಟ್ಟಿಗೆಗೆ. ಬಾಗ್ಲಿಗೆ ಕಟ್ಟೋದು ಬಾಯಿ ಬಿಟ್ಟಿರ್ಬೇಕು. ಬರೋರ್ಗೆ ದಾರಿ ಬೇಡ್ವಾ?"

ಹಾಗೆಂದವರೇ ಸೊಸೆಯನ್ನು ರೇಗಿಸಿದರು: "ಇನ್ನೂ ಯಾಕೆ ಅಳು? ಮೆಣಸಿನಕಾಯಿ ಕಣ್ಣಿಗೆ ಆಯ್ತಾ?" ಸ್ಟೆಲ್ಲಾ ಅಳುತ್ತಲೇ ನಕ್ಕಳು.

ನಾನು ಇಂದಿಗೂ ಎದೆಯುಬ್ಬಿಸಿ ಹೇಳಿಕೊಳ್ಳುವುದು ಆಮೇಲೆ ನಡೆದದ್ದನ್ನು. ಯಾರೂ ಯಾರಿಗೂ ಹೇಳಲಿಲ್ಲ. ನನ್ನ ತಾಯಿ ಮನೆಯೊಳಗೆ ಹೋಗಿ ಕುಡುಗೋಲು ತಂದು ನಮ್ಮ ಸಿಂಬೆಯನ್ನು ತಾವೇ ಕೊಯ್ದರು. ಆಚೆ ಮನೆಯವರು ತಮ್ಮದನ್ನು ಕೊಯ್ದರು. ದೀಪ ಹಚ್ಚುವ ಹೊತ್ತಿಗೆ, ಮಾವಿನ ತೋರಣವಿದ್ದ ಬಾಗಿಲು, ಕಾಗದದ ನಕ್ಷತ್ರವಿದ್ದ ಬಾಗಿಲು, ಏನೂ ಇಲ್ಲದಿದ್ದ ಬಾಗಿಲು, ಎಲ್ಲದರ ಮೇಲೂ ಬಾಯಿ ತೆರೆದ ಸಿಂಬೆಗಳು. ಗಣಿಯ ಸಂಬಳ ನಿಂತಾಗ, ಈ ಲೈನು ಇನ್ನು ಚದುರಿತೆಂದು ಹೇಳಿದವರಿದ್ದರು. ಅಂಥವರಿಗೆ ನಾನು ಸಿದ್ಧಪಡಿಸಿಕೊಂಡಿದ್ದ ಖಂಡನೆ ದೀರ್ಘವಾಗಿತ್ತು. ಆ ಸಂಜೆಯ ಬಾಗಿಲುಗಳನ್ನು ನೋಡಿದ ಮೇಲೆ ಅದನ್ನು ಯಾರ ಮುಂದೆಯೂ ಮಂಡಿಸಬೇಕೆನಿಸಲಿಲ್ಲ.

ಪಾಟಿ ಈಗಿಲ್ಲ. ಅವರ ಪೆಟ್ಟಿಗೆಯ ಮೇಲೆ ಸ್ಟೆಲ್ಲಾ ತಾನೇ ಹೆಣೆದು ಇಟ್ಟದ್ದೂ ಬಾಯಿ ತೆರೆದದ್ದನ್ನೇ. ಪೆಟ್ಟಿಗೆಯನ್ನು ಮುಚ್ಚುವ ಮೊದಲು ಎಲ್ಲರಿಗೂ ಮುಖ ತೋರಿಸಬೇಕೆಂದು ಅವಳು ಹಟ ಹಿಡಿದಿದ್ದಳು, ನಾವೆಲ್ಲ ನೋಡಿದೆವು.

ಬನ್ನಿ, ಬಂಗಾರಪೇಟೆಗೆ ಮರಳೋಣ. ಊಟವಾದ ಮೇಲೆ ಕೇಂದ್ರದ ಹೆಂಗಸರಿಗೆ ವ್ಯವಸ್ಥಾಪಕರ ಮಾತನ್ನು ತಿಳಿಸಿದೆ. ಈ ಹೆಂಗಸರು ಸುತ್ತಲಿನ ಹಳ್ಳಿಗಳಿಂದ ಕೂಲಿಯಿಲ್ಲದ ದಿನಗಳಲ್ಲಿ ಬರುವವರು, ಪಾಟಿಯನ್ನು ಕಂಡವರಲ್ಲ. ಸಂದು ಬಿಡಬೇಕೆಂದು ನಾನು ಕಲಿಸಿದ್ದೆನೇ ಹೊರತು, ಏಕೆಂದು ಹೇಳಿರಲಿಲ್ಲ. ಅದನ್ನು ಇಂದಾದರೂ ವಿವರಿಸಬೇಕೆಂದು ಗಂಟಲು ಸರಿಪಡಿಸಿಕೊಂಡೆ.

ಬೂದಿಕೋಟೆ ಬಸ್ಸಿಗೆ ಬರುವ ಮುನಿರತ್ನಮ್ಮ ತನ್ನ ಕೈಯಲ್ಲಿದ್ದ ಸಿಂಬೆಯಿಂದ ತಲೆ ಎತ್ತದೆಯೇ ಕೇಳಿದಳು: "ಮುಚ್ಚಬೇಕಂತಾ? ಯಾಕಕ್ಕಾ? ಬಾಗ್ಲಿಗ್ ತಾನೆ ಕಟ್ಟಾದು? ಬಾಗ್ಲು ಅಂದ್ಮೇಲೆ ಬಾಯಿ ಇರಾಕಿಲ್ವಾ? ಓಗಂತ ಏಳಿ ಅವರ್ಗೆ, ಅರ್ಧಕ್ ನಿಂತಿಲ್ಲ, ತೆಗ್ದೈತೆ ಅಂತ."

ಉಳಿದವರು ನಕ್ಕು ಎಲೆ ಕಟ್ಟುವುದನ್ನು ಮುಂದುವರಿಸಿದರು. ನಾನು ವಿಭಾಗಿಸಿಟ್ಟುಕೊಂಡಿದ್ದ ವಾದವನ್ನು ಅಲ್ಲಿಯೇ ಬಿಟ್ಟೆ. ಆ ವ್ಯವಸ್ಥಾಪಕರಿಗೆ ಫೋನು ಮಾಡಿ, "ಅದು ಅರ್ಧಕ್ಕೆ ನಿಂತದ್ದಲ್ಲ ಸಾರ್, ತೆರೆದಿಟ್ಟದ್ದು; ಮುಚ್ಚುವುದಿಲ್ಲ" ಎಂದೆ. ಅವರು ಯೋಚಿಸಿ ಹೇಳುತ್ತೇನೆಂದರು. ಇದನ್ನು ಬರೆಯುವವರೆಗೂ ಹೇಳಿಲ್ಲ. ಅವರು ಹೇಳುವುದು ಏನೇ ಆಗಲಿ, ನಮ್ಮಲ್ಲಿ ಯಾರೂ ರಿಬ್ಬನ್ ತರಲು ಎದ್ದಿಲ್ಲ.

ಕತ್ತಲಾಗುವ ಮೊದಲೇ ಉರಿಗಾಂನ ಮನೆಗೆ ಬಂದೆ. ನಮ್ಮ ಬಾಗಿಲಲ್ಲಿ ಈ ವರ್ಷದ ಸಿಂಬೆ ಆಗಲೇ ತೂಗುತ್ತಿತ್ತು. ಚಿಲಕ ಅದರ ಹಿಂದೆ ಸರಿಯಾಗಿ ಸಂದಿನ ನೇರಕ್ಕೇ ಬರುತ್ತದೆ. ಇಷ್ಟು ವರ್ಷ ನಾನು ಗಮನಿಸಿರಲಿಲ್ಲ; ಕೈ ಮಾತ್ರ ಎಂದೋ ಗಮನಿಸಿತ್ತು. ಒಂದು ಎಲೆಯನ್ನೂ ಸೋಕದೆ ಸಂದಿನೊಳಗೆ ಹೋಗಿ, ಕೈ ಬಾಗಿಲು ತೆರೆಯಿತು.