ಆಂಜನಮ್ಮನ ಫೋನಿಂದ ಹೋದ ಸುಳ್ಳು

ಹಲಸೂರು ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಆಂಜನಮ್ಮನ ಟೈಲರ್ ಅಂಗಡಿ ಇದೆ. ಅಂಗಡಿ ಅಂದ್ರೆ ಒಂದು ಮಿಷನ್ನು, ಒಂದು ಕಟಿಂಗ್ ಟೇಬಲ್ಲು, ಗೋಡೆ ತುಂಬ ನೇತಾಕಿರೋ ಪ್ಲಾಸ್ಟಿಕ್ ಕವರ್‌ಗಳು, ಮೂಲೆಯಲ್ಲಿ ನಾನು. ನನ್ನ ಹೆಸರು ಯಮುನಾ. ಬ್ಲೌಸಿಗೆ ಹುಕ್ಸ್ ಹಾಕೋದು, ಹೆಮ್ಮಿಂಗ್ ಮಾಡೋದು, ಸೀರೆಗೆ ಫಾಲ್ ಹಚ್ಚೋದು, ಹದಿನಾಲ್ಕು ವರ್ಷದಿಂದ ಇದೇ ಕೆಲಸ. ಇನ್ನೊಂದು ಕೆಲಸಾನೂ ಇದೆ, ಅದಕ್ಕೆ ಸಂಬಳ ಇಲ್ಲ. ಆಂಜನಮ್ಮನ ಪರವಾಗಿ ಬೈಸ್ಕೊಳ್ಳೋದು.

ಯಾಕಂದ್ರೆ ಆಂಜನಮ್ಮಕ್ಕ ಹೇಳಿದ ದಿನಕ್ಕೆ ಒಂದು ಬ್ಲೌಸೂ ಕೊಟ್ಟೋಳಲ್ಲ. ಗಿರಾಕಿ ಬಾಗಿಲಿಗೆ ಬಂದ ತಕ್ಷಣ, "ಆಗೋಯ್ತು ಮೇಡಂ, ಹುಕ್ಸ್ ಒಂದೇ ಬಾಕಿ" ಅಂತಾಳೆ. ಬಟ್ಟೆಗೆ ಇನ್ನೂ ಕತ್ತರಿ ತಾಗಿರಲ್ಲ. ಗಿರಾಕಿ ತಿರುಗಿ ನನ್ನ ಮುಖ ನೋಡ್ತಾರೆ. ಹಲಸೂರಿಂದ ಮಹದೇವಪುರದವರೆಗೆ ಎಷ್ಟು ಮದುವೆಮನೆಗಳಲ್ಲಿ ನಾನು ಸೋಮಾರಿ ಅಂತ ಹೆಸರು ತಗೊಂಡಿದೀನೋ ಆ ದೇವರಿಗೇ ಗೊತ್ತು. ಆದ್ರೂ ಜನ ಬಿಡಲ್ಲ. ಅಕ್ಕ ಹೊಲಿದ ಬ್ಲೌಸ್ ಹಾಕ್ಕೊಂಡ್ರೆ ಭುಜ ಜಾರಲ್ಲ, ಕಂಕುಳಲ್ಲಿ ಹಿಡಿಯಲ್ಲ, ಬೆನ್ನಲ್ಲಿ ಒಂದು ಸುಕ್ಕು ಇರಲ್ಲ. ಅಂಥ ಕೈ ಅದು, ಅದನ್ನ ನಾನೂ ಒಪ್ತೀನಿ.

ಹೊಸಕೋಟೆ ಕಡೆಯೋಳು ಅಕ್ಕ. ಮದುವೆಯಾಗಿ ಬಂದ ಮೇಲೆ ದೊಡ್ಡನೆಕ್ಕುಂದಿಯ ಒಂದು ಗಾರ್ಮೆಂಟ್ಸ್‌ನಲ್ಲಿ ಒಂಬತ್ತು ವರ್ಷ ಬರೀ ಕಾಲರ್ ಹೊಲಿದ್ಲಂತೆ. ಗಂಟೆಗೆ ಇಷ್ಟು ಪೀಸ್ ಆಗ್ಲೇಬೇಕು ಅಂತ ಸೂಪರ್‌ವೈಸರ್ ತಲೆ ಮೇಲೆ ನಿಂತು ಕಿರುಚ್ತಿದ್ದ. ಬಾತ್‌ರೂಮಿಗೆ ಹೋಗೋಕೂ ಟೋಕನ್ನು. ಅದನ್ನ ಬಿಟ್ಟು ಬಂದ ದಿನ, ಇನ್ನು ಮೇಲೆ ಯಾವನ ಗಡಿಯಾರಕ್ಕೂ ನಾನು ಹೊಲಿಯಲ್ಲ ಅಂತ ತೀರ್ಮಾನ ಮಾಡಿದ್ಲು. ಪಾಲಿಸ್ಕೊಂಡೇ ಬಂದಿದಾಳೆ, ಏನ್ ಹೇಳೋಣ.

ಹೋದ ಗೌರಿ ಹಬ್ಬಕ್ಕೆ ಮುಂಚೆ ಅಕ್ಕನಿಗೆ ಒಂದು ಚಿಂತೆ ಹಿಡೀತು. ಇಂದಿರಾನಗರದ ಹುಡುಗೀರು ಫೋನಲ್ಲಿ ಏನೇನೋ ಡಿಸೈನ್ ತಂದು ತೋರಿಸೋರು, ಬೆನ್ನಲ್ಲಿ ನವಿಲು, ಬೆನ್ನಲ್ಲಿ ಕಿಟಕಿ. ಅಕ್ಕನಿಗೆ ಅದರ ಕಟಿಂಗ್ ಗೊತ್ತಿರ್ತಿರ್ಲಿಲ್ಲ. ಅದೇ ಹೊತ್ತಿಗೆ ಅವಳ ಫೋನಲ್ಲಿ ಒಂದು ವಿಡಿಯೋ ಬಂತು. "ಐನೂರು ಹೊಸ ಬ್ಯಾಕ್ ನೆಕ್ ಡಿಸೈನ್, ಕಟಿಂಗ್ ಅಳತೆ ಸಮೇತ, ಪೂರ್ತಿ ಉಚಿತ." ಅಕ್ಕ ಒತ್ತೇಬಿಟ್ಲು. ಯಾವುದೋ ಆ್ಯಪು ಇಳಿಯೋಕೆ ಶುರುವಾಯ್ತು. ಇದು ಅಪಾಯ ಇರಬಹುದು ಅಂತ ಫೋನೇ ಹೇಳ್ತು.

"ಅಕ್ಕ, ಫೋನು ಬೇಡ ಅಂತಿದೆಯಲ್ಲ" ಅಂದೆ.

"ಅದು ಎಲ್ಲದಕ್ಕೂ ಹಂಗೇ ಅನ್ನುತ್ತೆ, ನಿನ್ನ ಥರ" ಅಂದ್ಲು.

ಫೋಟೋ ನೋಡ್ಲಾ, ಕಾಂಟ್ಯಾಕ್ಟ್ ನೋಡ್ಲಾ, ಮೆಸೇಜ್ ಓದ್ಲಾ ಅಂತ ಆ್ಯಪು ಕೇಳ್ತಾ ಹೋಯ್ತು. ಅಕ್ಕ ಅಲೌ, ಅಲೌ ಅಂತ ಒತ್ತುತ್ತಾ ಹೋದ್ಲು. ಕೊನೆಗೆ ತೆಗೆದು ನೋಡಿದ್ರೆ ಐನೂರಲ್ಲ, ನಾಲ್ಕು ಡಿಸೈನು. ನಾಲ್ಕೂ ಅಕ್ಕ ಹತ್ತು ವರ್ಷದ ಹಿಂದೇನೇ ಹೊಲಿದು ಬಿಸಾಕಿದ್ದು.

ಮಾರನೇ ದಿನದಿಂದ ಜಾಹೀರಾತು ಶುರು. ಅಕ್ಕ ಯಾರದ್ದೋ ಸೊಂಟಕ್ಕೆ ಟೇಪು ಹಿಡಿದಿರೋವಾಗ್ಲೇ, ಬಟ್ಟೆ ರಾಶಿ ಕೆಳಗಿಂದ ಒಬ್ಬ ಗಂಡಸು, "ಬನ್ನಿ, ರಮ್ಮಿ ಆಡಿ" ಅಂತ ಕೂಗೋನು. ಆಮೇಲೆ ಕೂದಲೆಣ್ಣೆ, ಆಮೇಲೆ ಹೊಟ್ಟೆ ಕರಗಿಸೋ ಪುಡಿ. ಹೊಟ್ಟೆ ಪುಡಿ ಕೂಗಿದಾಗ ಅಳತೆ ಕೊಡ್ತಿದ್ದ ಬ್ಯಾಂಕ್ ಮೇಡಂ ತುಂಬ ಬೇಜಾರು ಮಾಡ್ಕೊಂಡ್ರು. ಮೂರನೇ ದಿನ ಅಕ್ಕ ಫೋನ್ ತಗೊಂಡು ಎದುರಿಗಿರೋ ಮೊಬೈಲ್ ರಿಪೇರಿ ಅಂಗಡಿಗೆ ಹೋದ್ಲು, ಜೊತೆಗೆ ನಾನೂ.

ಆ ಅಂಗಡಿ ಓವೈಸ್ ಭಾಯ್ ಅವರದ್ದು. ಶಿವಾಜಿನಗರದವರು, ತಾಳ್ಮೆ ಮನುಷ್ಯ. ಫೋನ್ ನೋಡಿ ತಲೆ ಆಡಿಸಿದ್ರು. "ಆಂಟಿ, ಜಾಹೀರಾತು ಬಿಡಿ. ನಿಮ್ಮ ಫೋನಿಂದ ಎಲ್ಲರಿಗೂ ಮೆಸೇಜ್ ಹೋಗ್ಬಿಟ್ಟಿದೆ. ಮುನ್ನೂರ ಹನ್ನೆರಡು ಜನಕ್ಕೆ."

ತೋರಿಸಿದ್ರು. "ನಿಮ್ಮ ಆರ್ಡರ್ ರೆಡಿ ಇದೆ. ಫೋಟೋ ನೋಡಲು ಇಲ್ಲಿ ಒತ್ತಿ." ಕೆಳಗೆ ಅದೇ ದರಿದ್ರ ಆ್ಯಪು.

"ನಾನು ಟೈಲರ್ ಅಂತ ಅವನಿಗೆ ಹೆಂಗ್ ಗೊತ್ತಾಯ್ತು?" ಅಂದ್ಲು ಅಕ್ಕ.

"ಗೊತ್ತಿಲ್ಲ ಆಂಟಿ, ಎಲ್ಲರಿಗೂ ಹಿಂಗೇ ಕಳಿಸ್ತಾರೆ. ಈಗ ಎಲ್ಲರೂ ಯಾವುದಾದ್ರೂ ಆರ್ಡರ್‌ಗೆ ಕಾಯ್ತಾನೇ ಇರ್ತಾರಲ್ಲ. ಒತ್ತಿದೋರ ಫೋನಿಗೂ ಇದೇ ಗತಿ. ಬ್ಯಾಂಕ್ ಮೆಸೇಜೂ ಓದ್ತಾರೆ."

ಅಕ್ಕ ನನ್ನ ಕಡೆ ತಿರುಗಿದ್ಲು. "ನನ್ನ ಹೆಸರಲ್ಲಿ ಹೋಗಿದೆ ಯಮುನಾ. ಒಬ್ಬಳಿಗೆ ಮೋಸ ಆದ್ರೂ ನಾಳೆ ಈ ಬಾಗಿಲು ಯಾರು ತುಳೀತಾರೆ? ಯಾರ್ಯಾರು ಒತ್ತಿದಾರೋ ಮೊದಲು ತಿಳ್ಕೋಬೇಕು." ನಂಬರ್‌ಗಳನ್ನ ಬರ್ಕೊಂಡು, ಅವಳ ಫೋನನ್ನ ಓವೈಸ್ ಭಾಯ್‌ಗೆ ಕೊಟ್ಟು, ನನ್ನ ಫೋನಿಂದ ಒಬ್ಬೊಬ್ಬರಿಗೇ ಮಾಡ್ತಾ ಕೂತ್ವಿ.

ಮೊದಲು ಫ್ರೇಜರ್ ಟೌನ್ ಗುಲ್ಷನ್. "ಆ ಮೆಸೇಜ್ ಒತ್ತಿದ್ರಾಮ್ಮ?" ಅಂತ ಅಕ್ಕ ಕೇಳಿದ್ಲು. ಆಕಡೆಯಿಂದ ನಗು. "ಇಲ್ಲ ಆಂಟಿ. ರೆಡಿ ಅಂತ ಇತ್ತಲ್ಲ, ಆವಾಗ್ಲೇ ಗೊತ್ತಾಯ್ತು ಇದು ನೀವಲ್ಲ ಅಂತ."

ಆಮೇಲೆ ಸಿಕ್ಕಿದ ಉಮ್ಮೆ ಕುಲ್ಸುಂ ಅಂದ್ಲು, "ನಮ್ಮ ಅಮ್ಮಿಗೆ ತೋರಿಸಿದೆ. ಆಂಜನಮ್ಮ ಇಷ್ಟು ಬೇಗ ಕೊಡೋ ಹಂಗಿದ್ರೆ ಭೂಮಿ ತಿರುಗೋದು ನಿಂತಿರ್ಬೇಕು ಅಂದ್ರು." ಇಂದಿರಾನಗರದ ಟೀಚರ್ ಒಬ್ರು ಅಕ್ಕನ ಫೋನ್ ಕಳುವಾಗಿದೆ ಅಂದ್ಕೊಂಡು ಸ್ಟೇಷನ್ನಿಗೆ ಹೇಳೋಕೆ ಹೊರಟಿದ್ರಂತೆ. ಮಹದೇವಪುರದ ಅಪಾರ್ಟ್‌ಮೆಂಟಿನ ಮೇಡಂ ತಮ್ಮ ಗ್ರೂಪಲ್ಲಿ ಹಾಕೇಬಿಟ್ಟಿದ್ರು: "ಆಂಜನಮ್ಮನಿಂದ ಬ್ಲೌಸ್ ರೆಡಿ ಅಂತ ಬಂದ್ರೆ ದಯವಿಟ್ಟು ನಂಬಬೇಡಿ." ಎಂಬತ್ತಾರು ಜನ ಹೆಬ್ಬೆಟ್ಟು ಎತ್ತಿದ್ರು.

ಮೊದಲ ಹತ್ತು ಫೋನಿಗೆ ಅಕ್ಕ ದೇವರಿಗೆ ಕೈ ಮುಗಿದ್ಲು. ಇಪ್ಪತ್ತಾಗೋ ಹೊತ್ತಿಗೆ ಮುಗಿಯೋದು ಬಿಟ್ಲು. ನಲವತ್ತಕ್ಕೆ ಕೋಪ ಬಂತು.

"ಒಬ್ರಾದ್ರೂ ನಂಬಬಾರದಿತ್ತೇನೆ?"

ಯಾರೂ ಒತ್ತದೇ ಇರಲಪ್ಪ ಅಂತ ಬೆಳಗ್ಗೆಯಿಂದ ಹರಕೆ ಹೊತ್ತೋಳು ಕೇಳೋ ಮಾತಾ ಇದು? ನನಗೆ ನಗು ತಡೆಯಕ್ಕಾಗ್ಲಿಲ್ಲ. ಅಳತೆ ಟೇಪ್ ತೆಗೆದು ನನ್ನ ಮೇಲೆ ಎಸೆದ್ಲು. ಕ್ಲೀನ್ ಮಾಡಿದ ಫೋನ್ ಕೊಡೋಕೆ ಬಂದ ಓವೈಸ್ ಭಾಯ್ ಬೇರೆ, "ಇಷ್ಟು ವರ್ಷದಲ್ಲಿ ಹಿಂಗೆ ಫೇಲಾಗಿದ್ದ ವೈರಸ್ಸು ಒಂದೂ ನೋಡಿಲ್ಲ ಆಂಟಿ. ಪಾಪ, ಮಾಡಿದೋನು ಎಲ್ಲಿದಾನೋ" ಅಂದ್ರು. ಅಕ್ಕನ ಮುಖ ನೋಡಿ ನನಗೆ ಅಯ್ಯೋ ಅನ್ನಿಸ್ತು. ಸ್ವಲ್ಪ ಸಂತೋಷಾನೂ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ಎರಡು ದಿನದಲ್ಲಿ ಎಲ್ಲರೂ ಸಿಕ್ಕಿದ್ರು, ಒಬ್ಬರು ಬಿಟ್ಟು. ಮುನಿವೆಂಕಟಮ್ಮ. ಮುಂಚೆ ನಮ್ಮ ಗಲ್ಲಿಯಲ್ಲೇ ಇದ್ದ ಅಜ್ಜಿ, ಮಗನ ಜೊತೆ ಕೆ.ಆರ್. ಪುರಕ್ಕೆ ಹೋದ್ರು. ರಿಂಗ್ ಆಗುತ್ತೆ, ಎತ್ತಲ್ಲ. ಅಕ್ಕ ಅವತ್ತು ಸರಿಯಾಗಿ ಊಟಾನೂ ಮಾಡ್ಲಿಲ್ಲ.

ಮಾರನೇ ದಿನ ಹನ್ನೊಂದು ಗಂಟೆಗೆ ಅಜ್ಜಿ ತಾವಾಗೇ ಬಂದು ಬಾಗಿಲಲ್ಲಿ ನಿಂತ್ರು. ಎರಡು ಬಸ್ ಹತ್ತಿ ಇಳಿದು ಬಂದಿದ್ರು. ಕರ್ಚೀಫಲ್ಲಿ ಸುತ್ತಿದ್ದ ಫೋನು ಒಳಗಿಂದಾನೇ "ರಮ್ಮಿ ಆಡಿ" ಅಂತಿತ್ತು.

"ರವಿಕೆ ರೆಡಿ ಅಂತ ಹಾಕಿದ್ದೆಯಲ್ಲ ತಾಯಿ" ಅಂದ್ರು ಅಕ್ಕನಿಗೆ. "ಹೆಂಗ್ ಹೊಲಿದಿದೀಯೋ ನೋಡೋಣ ಅಂತ ಒತ್ತಿದೆ, ಫೋಟೋ ಬರ್ಲಿಲ್ಲ. ಎಂಟು ಸಲ ಒತ್ತಿರ್ಬೇಕು. ಆವತ್ತಿಂದ ಈ ಗಂಡಸು ಇಸ್ಪೀಟಾಡೋಣ ಬಾ ಅಂತ ಕರೀತಾನೇ ಇದಾನೆ. ಫೋನ್ ಎತ್ತಕ್ಕೂ ಬಿಡಲ್ಲ. ಸಾಕಾಗಿ ನಾನೇ ಬಂದೆ."

ನಾನು ಫೋನ್ ಇಸ್ಕೊಂಡು ಓವೈಸ್ ಭಾಯ್ ಹತ್ರ ಓಡಿದೆ. ಅವರು ನೋಡಿ ಕ್ಲೀನ್ ಮಾಡಿದ್ರು. ಅಜ್ಜಿಗೆ ಪೋಸ್ಟಾಫೀಸ್ ಬಿಟ್ರೆ ಬ್ಯಾಂಕೇ ಇರ್ಲಿಲ್ಲ, ಏನೂ ಹೋಗಿರ್ಲಿಲ್ಲ. ವಾಪಸ್ ಬಂದಾಗ ಅಕ್ಕ ತಲೆ ಕೆರ್ಕೊಂಡು ನಿಂತಿದ್ಲು.

"ಯಾವ ರವಿಕೆ ಅಮ್ಮ?"

"ಹಸಿರುದ್ದು. ಮೊಮ್ಮಗಳ ನಾಮಕರಣಕ್ಕೆ ಅಂತ ಕೊಟ್ಟಿದ್ನಲ್ಲ."

"ಮೊಮ್ಮಗಳಿಗೆ ಈಗೆಷ್ಟು ವಯಸ್ಸು?"

"ಯುಕೆಜಿ."

"ಒಂದ್ಸಲನಾದ್ರೂ ಬಂದು ಕೇಳ್ಬಾರದಿತ್ತಾ?"

"ಕೇಳಿದ್ರೆ ನಿನಗೆ ಬೇಜಾರಾಗುತ್ತೆ. ನೀನು ಕೊಡ್ತೀಯ ಅಂತ ಗೊತ್ತಿತ್ತಲ್ಲ."

ಚೀಲಗಳನ್ನೆಲ್ಲ ಸುರಿದು ಹುಡುಕಿದ್ವಿ. ಎಲ್ಲಕ್ಕಿಂತ ಅಡಿಯ ಚೀಲದಲ್ಲಿ ಮಡಿಕೆ ಬಿಚ್ಚದ ಹಸಿರು ಬಟ್ಟೆ ಸಿಕ್ತು, ಅಜ್ಜಿ ಹೆಸರಿನ ಚೀಟಿ ಸಮೇತ. ಎದೆ ಸುತ್ತಳತೆ ನಲವತ್ತು ಅಂತ ಅಕ್ಕನ ಕೈಬರಹ. ಯಾವುದಕ್ಕೂ ಇರ್ಲಿ ಅಂತ ಅಕ್ಕ ಹೊಸದಾಗಿ ಟೇಪ್ ಹಿಡಿದ್ಲು. ಮೂವತ್ತಮೂರು. ಇನ್ನೊಂದ್ಸಲ ಹಿಡಿದ್ಲು, ಮೂವತ್ತಮೂರೇ.

"ಯಾಕಮ್ಮ ಇಷ್ಟು ಇಳಿದೋಗಿದೀರ?"

"ಸಕ್ಕರೆ ಕಾಯಿಲೆ ಕಣಮ್ಮ" ಅಂದ್ರು ಅಜ್ಜಿ. ಆಮೇಲೆ ಯೋಚನೆ ಮಾಡಿ, "ಸ್ವಲ್ಪ ಸಡಿಲವಾಗೇ ಹೊಲಿ. ನೀನು ಕೊಡೋ ಹೊತ್ತಿಗೆ ನಾನು ಮತ್ತೆ ದಪ್ಪ ಆಗಿದ್ರೂ ಆಗಿರಬಹುದು" ಅಂದ್ರು.

ಕುಹಕ ಇರ್ಲಿಲ್ಲ ಆ ಮಾತಲ್ಲಿ, ಅಕ್ಕನ ಅನುಕೂಲ ನೋಡ್ಕೊಂಡೇ ಹೇಳಿದ್ರು. ಅಕ್ಕ ಅವರನ್ನ ಫ್ಯಾನ್ ಕೆಳಗೆ ಕೂರಿಸಿದ್ಲು. ಮಿಷನ್ ಮೇಲಿದ್ದ ಮದುವೆ ಬ್ಲೌಸನ್ನ ಎತ್ತಿ ನನ್ನ ಮಡಿಲಿಗೆ ಹಾಕಿ, ಹಸಿರು ಬಟ್ಟೆ ಹಾಸಿ, ಮೂವತ್ತಮೂರಕ್ಕೇ ಗುರುತು ಮಾಡಿ ಕತ್ತರಿ ಹಾಕಿದ್ಲು.