ಹಕಾರದ ಸೀಮೆಯ ಅಜ್ಜಿ

ಸ್ಟ್ರೋಕ್ ಆಗಿ ಮಾತು ಕಳೆದುಕೊಂಡವರಿಗೆ ಮತ್ತೆ ಮಾತು ಕಲಿಸುವುದು ನನ್ನ ಕೆಲಸ. ಕ್ಯಾಲಿಫೋರ್ನಿಯಾದ ಹೇವರ್ಡಿನ ಒಂದು ಪುನಶ್ಚೇತನ ಕೇಂದ್ರದಲ್ಲಿ ಹದಿನೈದು ವರ್ಷದಿಂದ ಸ್ಪೀಚ್ ಥೆರಪಿಸ್ಟ್ ಆಗಿದ್ದೇನೆ. ಯಾವುದು ಮಾತು, ಯಾವುದು ಬರಿಯ ಸದ್ದು ಎಂಬುದನ್ನು ನನ್ನ ಕಿವಿ ಬೇಗ ಹಿಡಿಯುತ್ತದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ.

ಆ ಅಜ್ಜಿ ನಮ್ಮಲ್ಲಿಗೆ ಬಂದಾಗ ವಯಸ್ಸು ತೊಂಬತ್ತರ ಹತ್ತಿರ. ಬಲಗೈ ಸೋತಿತ್ತು, ಕಣ್ಣು ಮಾತ್ರ ಚುರುಕು. ಜೊತೆಗೆ ಬಂದ ಫೈಲಿನಲ್ಲಿ ‘ಅರ್ಥವಿಲ್ಲದ ಮಾತು’ ಎಂದು ಬರೆದಿತ್ತು. ಒಬ್ಬಳೇ ಮಗಳು, ಅರವತ್ತು ದಾಟಿದವರು, ದಿನವೂ ವಾಲ್ನಟ್ ಕ್ರೀಕಿನಿಂದ ಬಂದು ಮಂಚದ ಪಕ್ಕ ಕೂರುತ್ತಿದ್ದರು.

“ಅಮ್ಮ ಫ್ರಾನ್ಸಿನವಳು,” ಎಂದರು ಮಗಳು. “ಇಪ್ಪತ್ತನೇ ವಯಸ್ಸಲ್ಲಿ ಸ್ಯಾನ್ ಫ್ರಾನ್ಸಿಸ್ಕೊಗೆ ಬಂದು ಚಿಕ್ಕಮ್ಮನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡ್ತಿದ್ದಳು. ನನ್ನ ಹತ್ರ ಯಾವಾಗಲೂ ಇಂಗ್ಲಿಷೇ. ಈಗ ಇಂಗ್ಲಿಷೂ ಇಲ್ಲ, ಫ್ರೆಂಚೂ ಇಲ್ಲ. ವಾರದಿಂದ ಯಾರದೋ ಹೆಸರು ಹಿಡಿದು ಕರೀತಾಳೆ. ಹಿಲ್ಯೆ, ಹಿಲ್ಯೆ ಅಂತ. ಅವಳ್ಯಾರೋ ನನಗೆ ಗೊತ್ತಿಲ್ಲ. ಹಳೇ ಗೆಳತಿ ಇರಬಹುದು.”

ತಾಯಿ ತನ್ನನ್ನು ಬಿಟ್ಟು ಇನ್ಯಾರನ್ನೋ ಕರೆಯುತ್ತಿದ್ದಾರಲ್ಲ ಎಂಬ ನೋವು ಅವರ ದನಿಯಲ್ಲಿತ್ತು.

ನಾನು ಕುರ್ಚಿ ಎಳೆದುಕೊಂಡು ಅಜ್ಜಿಯ ಎದುರು ಕುಳಿತೆ. ಅವರು ಒಂದೇ ಸಮನೆ ಮಾತಾಡಿದರು. ಹೆಚ್ಚುಕಡಿಮೆ ಪ್ರತಿ ವಾಕ್ಯವೂ ‘ಕೆ’ ಎಂಬ ಸದ್ದಿನಿಂದ ಶುರುವಾಗುತ್ತಿತ್ತು. ಕೆಲವು ಪದಗಳು ಅದೇ ಜಾಗದಲ್ಲಿ ಅದೇ ರೂಪದಲ್ಲಿ ಮರಳಿ ಬರುತ್ತಿದ್ದವು. ನಡುವೆ ನಿಲ್ಲಿಸಿ, ಉತ್ತರಕ್ಕೆ ಕಾಯುವಂತೆ ನನ್ನ ಮುಖ ನೋಡುತ್ತಿದ್ದರು. ಅರ್ಥವಿಲ್ಲದ ಸದ್ದಿಗೆ ಇಷ್ಟು ಶಿಸ್ತು ಇರುವುದಿಲ್ಲ.

“ಇದು ಭಾಷೆ,” ಎಂದೆ ಮಗಳಿಗೆ. “ಯಾವುದು ಅಂತ ಗೊತ್ತಿಲ್ಲ. ಆದ್ರೆ ಭಾಷೆ ಅನ್ನೋದರಲ್ಲಿ ಅನುಮಾನ ಬೇಡ.”

ಫೋನಿನಲ್ಲಿ ಫ್ರೆಂಚ್ ದುಭಾಷಿಯೊಬ್ಬರನ್ನು ಹಿಡಿದೆವು. ಆಕೆ ಐದು ನಿಮಿಷ ಕೇಳಿಸಿಕೊಂಡು ಸೋತ ದನಿಯಲ್ಲಿ ಹೇಳಿದರು: “ಇದು ಫ್ರೆಂಚ್ ಅಲ್ಲ ಮೇಡಂ. ಎಲ್ಲೋ ಒಂದೊಂದು ಪದ ಪರಿಚಯ ಇದ್ದಂಗಿದೆ. ಹಮಿ, ಹಮಿ ಅಂತಾರೆ. ಹಂಗೊಂದು ಪದ ನಮ್ಮಲ್ಲಿಲ್ಲ. ಹ್ರೆತ್ ಅಂತಾರೆ, ಅದೂ ಇಲ್ಲ.”

ಹಮಿ, ಹ್ರೆತ್, ಹಿಲ್ಯೆ. ಮೂರೂ ಹಕಾರದ ಪದಗಳು.

ನಾನು ಉಡುಪಿಯವಳು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ. ಎಂಟನೇ ಕ್ಲಾಸಿನಲ್ಲಿ ನಮ್ಮ ಕನ್ನಡ ಮೇಷ್ಟ್ರು ಬೋರ್ಡಿನ ಮೇಲೆ ಹಳಗನ್ನಡದ ‘ಪುಲಿ’ ಬರೆದು, ಇದೇ ಈಗ ಹುಲಿ ಆಗಿದೆ, ‘ಪೂ’ ಹೂವಾಗಿದೆ, ‘ಪಾಲ್’ ಹಾಲಾಗಿದೆ ಎಂದಾಗ ತುಳು ಮಕ್ಕಳೆಲ್ಲ ಕಿಸಕ್ಕನೆ ನಕ್ಕಿದ್ದೆವು. ತುಳುವಿನಲ್ಲಿ ಇವತ್ತಿಗೂ ಹೂವು ‘ಪೂ’ವೇ. ಅವರು ಸಾವಿರ ವರ್ಷದ ಹಿಂದಿನದು ಎನ್ನುತ್ತಿದ್ದ ‘ಪೂ’ವನ್ನು ನಾವು ಅದೇ ಬೆಳಿಗ್ಗೆ ಮುಡಿದುಕೊಂಡು ಬಂದಿದ್ದೆವು. ಆಗಿನಿಂದ ಒಂದು ಭಾಷೆಯ ಪಕಾರ ಇನ್ನೊಂದರಲ್ಲಿ ಹಕಾರವಾಗುವುದು ನನಗೆ ನಾಲಿಗೆಯ ಮೇಲಿನ ಸಂಗತಿ. ಇಲ್ಲಿಯೂ ಹಕಾರದ ಹಿಂದೆ ಬೇರೇನೋ ಅಡಗಿದ್ದರೆ?

“ಒಂದು ಕೆಲಸ ಮಾಡಿ,” ಎಂದೆ ದುಭಾಷಿಗೆ. “ಹ ತೆಗೆದು ಬೇರೆ ಅಕ್ಷರ ಹಾಕಿ ನೋಡಿ. ಮೊದಲು ಪ.”

“ಪಮಿ... ಇಲ್ಲ.”

“ಫ?”

ಆಕೆ ಕೂಗಿಯೇ ಬಿಟ್ಟರು. “ಫಮಿ! ನಮ್ಮ ‘ಫ್ಯಾಂ’! ಹಸಿವು ಅಂತಿದ್ದಾರೆ! ಹ್ರೆತ್ ಅಂದ್ರೆ ‘ಫ್ರ್ವಾ’, ಚಳಿ. ಅಯ್ಯೋ ದೇವರೇ, ಇಷ್ಟು ಹೊತ್ತೂ ಚಳಿ ಆಗ್ತಿದೆ ಅಂತಿದ್ದಾರೆ!”

“ಮತ್ತೆ ಹಿಲ್ಯೆ?” ಎಂದೆ.

“ಫಿಲ್ಯೆ... ‘ಫೀಯ್’. ಮಗಳು. ಮಗಳೇ ಅಂತ ಕರೀತಿದ್ದಾರೆ.”

ಮಗಳು ಎದ್ದು ನಿಂತವರು ಹಾಗೆಯೇ ಮತ್ತೆ ಕುಳಿತರು. ಆಮೇಲೆ ತಾಯಿಯ ಎಡಗೈಯನ್ನು ಎರಡೂ ಕೈಯಲ್ಲಿ ಹಿಡಿದು ತಲೆ ತಗ್ಗಿಸಿದರು. ಅಜ್ಜಿ ನನ್ನತ್ತ ನೋಡಿ ಸ್ವಲ್ಪ ಸಿಟ್ಟಿನಿಂದಲೇ “ಹಮಿ” ಎಂದರು. ನಾನು ಓಡಿ ಹೋಗಿ ಬಿಸಿ ಸೂಪು, ಇನ್ನೊಂದು ಕಂಬಳಿ ತಂದೆ. ಅಂದು ಸಂಜೆ ಮನೆಗೆ ಹೊರಡುವ ಮುಂಚೆ ಫೈಲಿಗೆ ಹೊಸ ಟಿಪ್ಪಣಿ ಸೇರಿಸಿದೆ: ಮಾತಿಗೆ ಅರ್ಥವಿದೆ, ನಮಗೆ ಭಾಷೆ ಗೊತ್ತಿರಲಿಲ್ಲ.

ದುಭಾಷಿ ಫೋನ್ ಇಡುವ ಮೊದಲು ನೈಋತ್ಯ ಫ್ರಾನ್ಸಿನ ಕಡೆ ಹುಡುಕಿ ಎಂದಿದ್ದರು. ಮಗಳು ಹುಡುಕಿದ ರಭಸ ನೋಡಬೇಕಿತ್ತು. ಎರಡೇ ದಿನದಲ್ಲಿ, ತಾಯಿಯ ಹಳೇ ಪಾಸ್‌ಪೋರ್ಟಿನಲ್ಲಿದ್ದ ಹುಟ್ಟೂರಿನ ಜಾಡು ಹಿಡಿದು, ಒಂದು ಪಟ್ಟಿ ಬರೆದುಕೊಂಡು ಬಂದರು.

“ಆ ಊರಿರೋದು ಬೆಯಾರ್ನ್ ಸೀಮೆಯಲ್ಲಿ,” ಎಂದರು. “ಪಿರಿನೀಸ್ ಬೆಟ್ಟದ ಬುಡ. ನನಗೆ ಮಾಂಸದ ಮೇಲೆ ಹಾಕ್ಕೊಳ್ಳೋ ಆ ಹೆಸರಿನ ಸಾಸು ಒಂದೇ ಗೊತ್ತಿತ್ತು. ಅದೂ ಅಲ್ಲಿಯದಲ್ಲವಂತೆ, ಪ್ಯಾರಿಸ್ ಹತ್ತಿರದ್ದು! ಒಂದು ಕಾಲಕ್ಕೆ ಅದು ಯಾರ ಅಧೀನವೂ ಅಲ್ಲ ಅಂತ ತಲೆಯೆತ್ತಿ ಇದ್ದ ನಾಡು. ಅದರದೇ ಕಾನೂನು, ಅದರದೇ ಸಭೆ, ಕಾಗದಪತ್ರ ಎಲ್ಲ ಅಮ್ಮನ ಈ ಭಾಷೆಯಲ್ಲಿ. ಅಲ್ಲಿ ಹುಟ್ಟಿದವನೊಬ್ಬ ಫ್ರಾನ್ಸಿಗೇ ರಾಜ ಆದ. ಕ್ರಾಂತಿ ಆದಮೇಲೆ ಸೀಮೆಗಳನ್ನೆಲ್ಲ ರದ್ದು ಮಾಡಿ ಹೆಸರನ್ನೇ ತೆಗೆದುಬಿಟ್ಟರು. ಅಮ್ಮ ಒಂದು ದಿನವೂ ಇದನ್ನ ಹೇಳಲಿಲ್ಲ. ಯಾಕೆ?”

ಈ ಪ್ರಶ್ನೆಗೆ ಉತ್ತರ ಸಿಗಲು ಐದಾರು ವಾರ ಹಿಡಿಯಿತು. ನಾನು ಪಾಠದ ದಾರಿಯನ್ನೇ ತಿರುಗಿಸಿದೆ. ಮೊದಲು ಅಜ್ಜಿಯ ಪದ, ಆಮೇಲೆ ಅದರ ಪಕ್ಕ ಇಂಗ್ಲಿಷ್. ಚಿತ್ರ ತೋರಿಸಿದರೆ ಅವರು ಹೇಳುವರು, ನಾನು ಕನ್ನಡ ಅಕ್ಷರದಲ್ಲಿ ಗೀಚಿಕೊಳ್ಳುವೆ. ಒಂದು ದಿನ ಹೆಂಗಸಿನ ಚಿತ್ರ ತೋರಿಸಿದೆ. “ಹೆನ್ನೆ,” ಎಂದರು. ನಾನು ತಡೆಯಲಾರದೆ “ಹೆಣ್ಣು” ಎಂದೆ. ಉಚ್ಚಾರ ಸರಿಯಿಲ್ಲವೆಂದು ಅವರು ಎರಡು ಸಲ ತಿದ್ದಿದರು.

ಪ್ಲೆಸೆಂಟನ್ನಿನ ನಮ್ಮ ಮನೆಯಲ್ಲಿ ಊಟಕ್ಕೆ ಕುಳಿತಾಗ ಇದನ್ನು ಹೇಳಿದರೆ, ಮೈಸೂರಿನವರಾದ ನನ್ನ ಗಂಡ, “ಹಂಗಾದ್ರೆ ಅಜ್ಜಿ ನಮ್ ಕಡೆಯವರೇ ಬಿಡು. ನಿಮ್ ಕಡೆಯವರಾಗಿದ್ರೆ ಪೊಣ್ಣು ಅಂತಿದ್ರು,” ಎಂದು ನಕ್ಕರು. ಕಾಕತಾಳೀಯ ಎಂದು ನನಗೂ ಗೊತ್ತು. ಆದರೂ ಸಂತೋಷವಾಗಿತ್ತು.

ಇಂಗ್ಲಿಷು ಚೂರು ಚೂರಾಗಿ ಮರಳತೊಡಗಿದ ಮೇಲೆ ಅಜ್ಜಿ ಒಂದು ಮಧ್ಯಾಹ್ನ ತಾವಾಗಿಯೇ ಹೇಳಿದರು. ಅರ್ಧ ಆ ಮಾತು, ಅರ್ಧ ಈ ಮಾತು, ಉಳಿದದ್ದು ಕೈಸನ್ನೆ. ಅವರೂರಿನ ಶಾಲೆಯಲ್ಲಿ ಫ್ರೆಂಚ್ ಬಿಟ್ಟು ಮನೆಮಾತು ಆಡಿ ಸಿಕ್ಕಿಬಿದ್ದವರ ಕೊರಳಿಗೆ ಒಂದು ಮರದ ತುಂಡು. ಇನ್ನೊಬ್ಬರು ಸಿಕ್ಕಿಬಿದ್ದರೆ ಅದು ಅವರ ಕೊರಳಿಗೆ. ಸಂಜೆ ಗಂಟೆ ಹೊಡೆದಾಗ ಯಾರ ಕೊರಳಲ್ಲಿದೆಯೋ ಅವರಿಗೆ ಏಟು.

“ಲಾಂಡ್ರಿಯಲ್ಲಿ ಎಲ್ಲರೂ ನಮ್ಮೂರ ಕಡೆ ಹೆಂಗಸರೇ,” ಎಂದರು. “ಅಲ್ಲಿ ಮಾತಾಡಿದೆ. ಮನೆಯಲ್ಲಿ ಬೇಡ. ಮಗುಗೆ ಬೇಡ.”

“ಯಾರಮ್ಮಾ ನನಗೆ ಹೊಡೀತಿದ್ರು ಇಲ್ಲಿ?” ಎಂದರು ಮಗಳು.

ಅಜ್ಜಿ ಮಗಳ ಕೆನ್ನೆ ಸವರಿದರು. ತರಗತಿಯಲ್ಲಿ ತುಳು ಆಡಿದ್ದಕ್ಕೆ ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದನ್ನು ನಾನು ಹೇಳಿದೆ. ಅಜ್ಜಿಗೆ ಎಷ್ಟು ತಿಳಿಯಿತೋ, ನನ್ನ ಕೆನ್ನೆಯನ್ನೂ ಸವರಿದರು.

ಮೂರು ತಿಂಗಳಿಗೆ ಅವರನ್ನು ಮನೆಗೆ ಕಳಿಸಿದೆವು. ಊಟ, ನೀರು, ನೋವು, ಹವಾಮಾನ, ಇಷ್ಟನ್ನು ಎರಡೂ ಭಾಷೆಯಲ್ಲಿ ಹೇಳಬಲ್ಲವರಾಗಿದ್ದರು. ಬೈಗುಳ ಮಾತ್ರ ಮನೆಮಾತಿನಲ್ಲೇ.

ಮುಂದಿನ ವಸಂತದಲ್ಲಿ ಮಗಳು ಒಬ್ಬರೇ ಬೆಯಾರ್ನಿಗೆ ಹೋದರು. ಅಲ್ಲಿನ ಸಂತೆಯಿಂದ ತಾಯಿಗೆ ವಿಡಿಯೊ ಕರೆ ಮಾಡಿ, ಅದನ್ನು ರೆಕಾರ್ಡ್ ಮಾಡಿ ನನಗೂ ಕಳಿಸಿದರು. ಲಂಚ್ ಬ್ರೇಕಿನಲ್ಲಿ ನೋಡಿದೆ. ತರಕಾರಿ ಮಾರುವ ಮುದುಕಿಯೊಬ್ಬರು ಫೋನ್ ಕಸಿದುಕೊಂಡು, ಅಜ್ಜಿಯ ಎರಡು ವಾಕ್ಯ ಕೇಳಿದ್ದೇ, ಕೈಯೆತ್ತಿ ದೂರದ ಒಂದು ಕಣಿವೆ ತೋರಿಸಿದರು. ಎಲ್ಲಿಯವರೆಂದು ಮಾತಿನಲ್ಲೇ ಗೊತ್ತಾಗಿಹೋಗಿತ್ತು. ಆಮೇಲೆ ಇಬ್ಬರದೂ ನಿಲ್ಲದ ಹರಟೆ. ಅಜ್ಜಿ ಒಂದು ಕಡೆಯೂ ತಡವರಿಸಲಿಲ್ಲ. ಇಡೀ ಮಾತುಕತೆಯಲ್ಲಿ ನನಗೆ ತಿಳಿದದ್ದು ‘ಕೌಲೆತ್’ ಎಂಬ ಒಂದೇ ಪದ. ಎಲೆಕೋಸು. ಮುದುಕಿಯ ಪಕ್ಕದಲ್ಲಿ ಮಗಳು ಒಂದನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದರು, ಇನ್ನೂ ಒಳ್ಳೆಯದನ್ನು ಆರಿಸಿಕೋ ಎಂದು ತಾಯಿ ಬೈಯುತ್ತಿದ್ದಿರಬೇಕು.