ನುಂಗಿದ ಗುಳಿಗಿ, ತೆಗೆದ ಗುಳಿಗಿ

ಇವತ್ತು ಬೆಳಿಗ್ಗೆ ಕಂಪ್ಯೂಟರ್ ಚಾಲೂ ಮಾಡಿದರೆ ಮೂಲೆಯಲ್ಲಿ ತಾರೀಖು ತಪ್ಪಿತ್ತು. ಎಷ್ಟೋ ವರ್ಷ ಹಿಂದಿನ ಜನವರಿ ಒಂದು. ಒಳಗಿನ ಗುಂಡನೆಯ ಬ್ಯಾಟರಿ ಶೆಲ್ಲು ಸತ್ತಿದೆ ಎಂದರ್ಥ. ಕೈಗಡಿಯಾರದ ಶೆಲ್ಲಿಗಿಂತ ಸ್ವಲ್ಪ ದೊಡ್ಡದು, ನೋಡಲು ಥೇಟ್ ಗುಳಿಗೆ. ಬೇರೆಯವರಿಗಾದರೆ ಅಂಗಡಿಗೆ ಹೋಗಿ ಬರುವಷ್ಟು ಕೆಲಸ. ನನಗೆ ಮಾತ್ರ ಅದನ್ನು ಮುಟ್ಟಲು ಹೆದರಿಕೆ. ಯಾಕೆ ಅಂತ ಹೇಳುತ್ತೇನೆ, ಕೂತುಕೊಳ್ಳಿ.

ಆಗ ನಾನು ಮಾನ್ವಿಯ ಒಂದು ಸ್ಟುಡಿಯೋದಲ್ಲಿ ಮದುವೆಯ ವಿಡಿಯೊ ಕತ್ತರಿಸಿ ಜೋಡಿಸುವ ಕೆಲಸಕ್ಕಿದ್ದೆ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ದೇವದುರ್ಗದ ಕಡೆಯ ಹಳ್ಳಿಯಿಂದ ರಾಯಚೂರಿಗೆ ಬಂದು, ಹಾಸ್ಟೆಲ್ಲಿನ ನೀರುಸಾರು ಉಂಡು, ಫೇಲಾಗಿ, ಮತ್ತೆ ಪರೀಕ್ಷೆಗೆ ಕೂತು ತಂದ ಬಿ.ಎಸ್ಸಿ. ಅದನ್ನು ಯಾರಿಗೂ ಮರೆಯಲು ನಾನು ಬಿಡುತ್ತಿರಲಿಲ್ಲ. ಮಾಲೀಕರು ನನ್ನ ಹೆಸರೇ ಬಿಟ್ಟು "ಏ ಡಿಗ್ರಿ" ಅಂತ ಕರೆಯುತ್ತಿದ್ದರು. ಅವರು ಕರೆದದ್ದು ಚೇಷ್ಟೆಗೆ, ನಾನು ಓಗೊಟ್ಟದ್ದು ಹೆಮ್ಮೆಯಿಂದ.

ಆ ದಿನ ಪೋತ್ನಾಳದಿಂದ ಶಾಂತಮ್ಮ ಬರುವವರಿದ್ದರು. ಮಗಳ ಮದುವೆಯ ಹಂದರ ಬಿಚ್ಚುವ ಮೊದಲೇ ಶಾಂತಮ್ಮನ ಗಂಡ ಶರಣಪ್ಪನವರು ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದರು. ಆ ಮದುವೆಯ ವಿಡಿಯೊ ನನ್ನ ಕೈಯಲ್ಲಿತ್ತು. ಹಿಂದಿನ ದಿನ ಶಾಂತಮ್ಮ ಫೋನಿನಲ್ಲಿ ಹೇಳಿದ್ದರು: "ತಮ್ಮಾ, ಫೋಟೊ ಮನ್ಯಾಗ ಅದಾವ. ಫೋಟೊ ಮಾತಾಡಂಗಿಲ್ಲ. ಅವರ ದನಿ ಒಂದೀಟು ಕೇಳಬೇಕಾಗ್ಯದ."

ಸುಮ್ಮನೆ ಇದ್ದದ್ದನ್ನು ಇದ್ದಂತೆ ತೋರಿಸಿದ್ದರೆ ಮುಗಿಯುತ್ತಿತ್ತು. ಇಲ್ಲ, ಹಾಡು ಹೂವು ಎಲ್ಲ ಹಾಕಿ ಪೂರ್ತಿ ವಿಡಿಯೊ ಮಾಡಿಯೇ ತೋರಿಸಬೇಕು ಅಂತ ನನ್ನ ಹಟ. ಮಷಿನ್ನು ಎಮ್ಮೆಯಂತೆ ನಿಧಾನ. ಪ್ರೊಸೆಸರಿನ ಸೆಟ್ಟಿಂಗಿಗೆ ಹೋಗಿ ಸ್ಪೀಡು ಏರಿಸಿದೆ. ಅದರ ಕೆಳಗೇ ವೋಲ್ಟೇಜ್ ಅಂತ ಇತ್ತು, ಮುಂದೆ ಒಂದು ಬಡಕಲು ಅಂಕಿ. ಇಷ್ಟೇನಾ ಅನ್ನಿಸಿತು.

ನಮ್ಮೂರಲ್ಲಿ ವೋಲ್ಟೇಜ್ ಎಂದರೆ ಯಾವಾಗಲೂ ಕಡಿಮೆಯೇ ಇರುವ ವಸ್ತು. ಪಂಪ್‌ಸೆಟ್ಟುಗಳು ಶುರುವಾದರೆ ಮನೆಯ ಬಲ್ಬು ಹಣ್ಣು ಮೆಣಸಿನಕಾಯಿಯಂತೆ ಕೆಂಪಗಾಗುತ್ತಿತ್ತು. ಅಪ್ಪ ಎದ್ದು ಸ್ಟೆಬಿಲೈಸರಿನ ಗುಂಡಿ ತಿರುವಿ, "ಈಗ ಬಂತು ನೋಡು ಜೀವ" ಅನ್ನುತ್ತಿದ್ದ. ವೋಲ್ಟೇಜ್ ಹೆಚ್ಚಾಗಿ ಏನಾದರೂ ಕೆಟ್ಟದ್ದನ್ನು ನಾವು ಕಂಡವರೇ ಅಲ್ಲ. ನಾನೂ ಆ ಅಪ್ಪನ ಮಗನೇ ಅಲ್ಲವೇ, ಏರಿಸಿದೆ.

ಪರದೆ ಕಪ್ಪಾಯಿತು. ಬಟನ್ ಒತ್ತಿದರೆ ಒಳಗಿನ ಫ್ಯಾನು ಗುರ್ ಅನ್ನುವುದು, ನಿಲ್ಲುವುದು. ಮತ್ತೆ ಗುರ್, ಮತ್ತೆ ನಿಶ್ಶಬ್ದ. ಮಾತಾಡಲು ಬಾಯಿ ತೆರೆದು ಮಾತು ಬಾರದವರಂತೆ. ಕ್ಯಾಮರಾದ ಕಾರ್ಡುಗಳನ್ನು ಅಳಿಸಿ ಮಾಲೀಕರು ಕಲ್ಲೂರಿನ ಮದುವೆಗೆ ಒಯ್ದಿದ್ದರು. ಶರಣಪ್ಪನವರ ದನಿ ಭೂಮಿಯ ಮೇಲೆ ಇದ್ದರೆ ಈ ಡಬ್ಬಿಯಲ್ಲಿ ಮಾತ್ರ. ಅದನ್ನು ನಾನು ಸುಟ್ಟೆನೇ? ಮೂಗಿಗೆ ಸುಟ್ಟ ವಾಸನೆಯೂ ಬಂತು. ಆಮೇಲೆ ತಿಳಿಯಿತು, ಅದು ಪಕ್ಕದ ಹೋಟೆಲಿನ ಒಗ್ಗರಣೆ. ಆದರೆ ಆ ಹೊತ್ತಿಗೆ ನನ್ನ ಅಂಗಿಯೆಲ್ಲ ಬೆವರಿಗೆ ತೊಯ್ದಿತ್ತು.

ಅಷ್ಟರಲ್ಲಿ ಶಾಂತಮ್ಮ ಬಂದೇಬಿಟ್ಟರು. ಬೆಂಚಿನ ಮೇಲೆ ಕೂತು ಕಪ್ಪು ಪರದೆಯನ್ನೇ ನೋಡಿದರು.

"ಮಷಿನ್ ಏಳವಲ್ದು ಯವ್ವಾ," ಅಂದೆ.

"ಏಳ್ತದ ಬಿಡು. ನಾ ಕೂತಿರ್ತೀನಿ."

ಬೈದಿದ್ದರೆ ಚೆನ್ನಾಗಿತ್ತು. ಆಕೆ ಸೆರಗಿನ ತುದಿ ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತರು. ರಾಯಚೂರಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿದ್ದ ನನ್ನ ಹಾಸ್ಟೆಲ್ ಗೆಳೆಯ ಖಾಜಾನಿಗೆ ಫೋನ್ ಹಚ್ಚಿ ಆದದ್ದೆಲ್ಲ ಹೇಳಿದೆ. ಹೊರಗೆ ಬಸ್ಸಿನ ಹಾರ್ನು, ಒಳಗೆ ನನ್ನ ಏದುಸಿರು.

"ಲೇ, ಘಾಬರಿ ಆಗಬ್ಯಾಡ. ಗುಳಿಗಿ ತಗೊಳ್ಳೋ ಮೊದ್ಲು," ಅಂದ. ನನಗೆ ಕೇಳಿಸಿದ್ದು ಹಾಗೆ. "ಸ್ವಲ್ಪ ಹೊತ್ತು ಬಿಡು, ಆಮ್ಯಾಲೆ ಚಾಲೂ ಮಾಡು."

ಗೆಳೆಯನೆಂದರೆ ಇವನಪ್ಪಾ, ಮಷಿನ್ನಿಗಿಂತ ಮೊದಲು ನನ್ನ ಆರೋಗ್ಯ ವಿಚಾರಿಸುತ್ತಾನೆ ಅಂದುಕೊಂಡೆ. "ಗುಳಿಗಿ ಎಲ್ಲಿಂದ ತರ್ಲಿ?" ಅಂತ ಗೊಣಗಿದ್ದು ಶಾಂತಮ್ಮನ ಕಿವಿಗೆ ಬಿತ್ತು. "ತಲಿನೋವಿಂದು ಅದ, ಹಿಡಿ ತಮ್ಮಾ," ಅಂತ ಚೀಲದಿಂದ ತೆಗೆದು ಕೊಟ್ಟರು. ನುಂಗಿದೆ. ಸ್ವಲ್ಪ ಹೊತ್ತು ಬಿಟ್ಟೆ. ಬಟನ್ ಒತ್ತಿದೆ. ಗುರ್, ನಿಶ್ಶಬ್ದ.

ಮತ್ತೆ ಫೋನು.

"ಆಗ್ಲಿಲ್ಲ ಖಾಜಾ."

"ಗುಳಿಗಿ?"

"ಆಯ್ತು."

"ಈಗ ಎಲ್ಲ್ಯದ ಅದು?"

"ಹೊಟ್ಯಾಗ."

ಖಾಜಾ ಕಿರುಚಿದ: "ಯಾ ಅಲ್ಲಾ! ಶೆಲ್ ನುಂಗೀಯೇನಲೇ? ಬೋರ್ಡಿನ ಶೆಲ್ಲಿಗೆ ಗುಳಿಗಿ ಅಂದ್ನೆಲೇ! ತಗೋ ಅಲ್ಲಲೇ, ತಗಿ! ತಗಿಯೋ ಅಂದೆ!"

ಅವನ ಅಂಗಡಿಯಲ್ಲಿ ಆ ಶೆಲ್ಲಿಗೆ ಗುಳಿಗಿ ಅನ್ನುವುದೇ ರೂಢಿಯಂತೆ. ತಲೆನೋವಿನ ಗುಳಿಗೆ ಅಂತ ನಾನು ಬಿಡಿಸಿ ಹೇಳುವವರೆಗೆ ಅವನಿಗೆ ಸಮಾಧಾನವಿರಲಿಲ್ಲ. ಬಿ.ಎಸ್ಸಿ. ಹಿಡಿದವನಿಗೆ ತಗಿ, ತಗೋ ಎರಡರ ಫರಕು ತಿಳಿಯಲಿಲ್ಲ ನೋಡಿ. ವಾಯರು ಕಿತ್ತು, ಶೆಲ್ಲು ತೆಗೆದು, ಕಾದು, ಮರಳಿ ಹಾಕಿದೆ. ಶೆಲ್ಲು ತೆಗೆದರೆ ಮಷಿನ್ನು ನಾನು ಮಾಡಿದ ಸೆಟ್ಟಿಂಗನ್ನೆಲ್ಲ ಮರೆಯುತ್ತದಂತೆ. ಬಟನ್ ಒತ್ತುವಾಗ ಕಣ್ಣು ಮುಚ್ಚಿದ್ದೆ.

"ಬೆಳಕು ಬಂತಲ್ಲೋ," ಅಂದರು ಶಾಂತಮ್ಮ.

ಮದುವೆ ಅಲ್ಲೇ ಇತ್ತು. ತಾರೀಖು ಮಾತ್ರ ಹಳೆಯ ಜನವರಿಗೆ ಹೋಗಿತ್ತು. ನಾನು ಮೊದಲು ಅದನ್ನು ತಿದ್ದಲು ಹೋದೆ.

"ಏನದು?"

"ಮಷಿನ್ನಿಗೆ ಇವತ್ತಿನ ದಿನ ಮರ್ತದ ಯವ್ವಾ. ಎಷ್ಟೋ ವರ್ಷ ಹಿಂದಕ್ಕ ಹೋಗ್ಯದ."

"ಹೋಗ್ಲಿ ಬಿಡು. ಆಗ ಅವರಿದ್ರು."

ಮೌಸು ಬಿಟ್ಟೆ. ವಿಡಿಯೊ ಹಾಕಿದೆ. ಅಕ್ಷತೆ ಬೀಳುತ್ತಿತ್ತು, ಪಂಚೆ ಎತ್ತಿ ಕಟ್ಟಿದ ಶರಣಪ್ಪನವರು ಹಂದರ ಹಾರಿ ಹೋಗುವಂತೆ ಒದರಿದರು: "ಲೇ, ಫ್ಯಾನ್ ಈ ಕಡಿ ತಿರುವ್ರಲೇ! ಬೀಗರು ತೊಯ್ದು ತೊಪ್ಪಿ ಆಗ್ಯಾರ!"

ಶಾಂತಮ್ಮ ಬಾಯಿಗೆ ಸೆರಗು ಹಿಡಿದರು. ಅಳುತ್ತಿದ್ದಾರೆ ಅಂದುಕೊಂಡೆ, ನಗುತ್ತಿದ್ದರು, ಕಣ್ಣೀರೂ ಇತ್ತು. ನನ್ನ ಅಂಗಿಯ ಕಡೆ ಕೈ ಮಾಡಿ, "ಈ ಹುಡುಗನ ಕಡಿ ತಿರುವ್ರಿ. ಇವಂದೂ ಅದೇ ಗತಿ," ಅಂದರು, ನನಗಲ್ಲ, ಪರದೆಗೆ.

ಖಾಜಾ ಇವತ್ತಿಗೂ ಫೋನ್ ಎತ್ತಿದರೆ ಮೊದಲ ಮಾತು, "ಹೊಟ್ಟಿ ಹೆಂಗ ಅದಲೇ?"

ಹೊಸ ಶೆಲ್ಲು ತಂದು ಮೇಜಿನ ಮೇಲೆ ಇಟ್ಟಿದ್ದೇನೆ. ಹಾಕಬೇಕು. ಆದರೆ ಆ ಹಳೆಯ ಜನವರಿಯನ್ನು ನೋಡುತ್ತ ಕೂತಾಗ ಇನ್ನೊಂದು ಹೆದರಿಕೆ ಹುಟ್ಟಿತು. ಇಷ್ಟು ಜನರ ದನಿ ಜೋಡಿಸಿದ ನನ್ನ ಹತ್ತಿರ ನನ್ನ ಅಪ್ಪನ ಒಂದು ಮಾತೂ ಇಲ್ಲ. ಫೋನಿನಲ್ಲಿ ರೆಕಾರ್ಡು ಒತ್ತಿ ಊರಿಗೆ ಹಚ್ಚಿದೆ.

"ಯಾಕೋ, ಈಗ ಫೋನ್ ಮಾಡೀದಿ? ಏನರ ಕೆಟ್ಟದೇನು?"

"ಏನಿಲ್ಲಪ್ಪಾ, ಸುಮ್ಮನ. ಮಾತಾಡು."

"ಸುಮ್ಮನ ಏನು ಮಾತಾಡ್ಲಿ?" ಅಂದ ಅಪ್ಪ, ಆಮೇಲೆ ತಾನೇ ಶುರು ಮಾಡಿದ. "ಅಲ್ಲಿ ವೋಲ್ಟೇಜ್ ಹೆಂಗ ಅದ?"

"ಚಲೊ ಅದಪ್ಪಾ."

"ಕಡಿಮಿ ಅನಿಸಿದ್ರ ಏರಿಸ್ಕೊ ಮತ್ತ."

"ಹ್ಞೂಂ," ಅಂದೆ.